ಭಾನುವಾರದ ಸಿಹಿ ಮತ್ತು ಹತ್ತು ನಿಮಿಷದ ವಾರ್ತೆ

ತೊಂಬತ್ತರ ದಶಕದಲ್ಲಿ ಬಾಲ್ಯ ಕಳೆದವರು ಈಗ ನಲವತ್ತರ ಆಸುಪಾಸಿನಲ್ಲಿದ್ದಾರೆ. ಆ ವಯಸ್ಸಿಗೆ ಬಂದವರೆಲ್ಲ ಮಾಡುವುದನ್ನೇ ಅವರೂ ಮಾಡುತ್ತಿದ್ದಾರೆ, ಹಿಂದಿನದನ್ನು ನೆನೆಯುತ್ತಿದ್ದಾರೆ. ಸಾಪ್ತಾಹಿಕ ಪುರವಣಿಗಳಲ್ಲಿ, ಲಲಿತ ಪ್ರಬಂಧಗಳಲ್ಲಿ, ಶಾಲೆಗಳ ಸ್ಮರಣ ಸಂಚಿಕೆಗಳಲ್ಲಿ ಒಂದೇ ಚಿತ್ರ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ಭಾನುವಾರದ ಬೆಳಿಗ್ಗೆ, ಬೀದಿಗೊಂದೇ ಟಿವಿ, ಅದರ ಮುಂದೆ ಜಾತಿ ಧರ್ಮದ ಹಂಗಿಲ್ಲದೆ ಚಕ್ಕಳಮಕ್ಕಳ ಹಾಕಿ ಕುಳಿತ ಮಕ್ಕಳು, ಪರದೆಯ ಮೇಲೆ ತೋಳಗಳ ಜೊತೆ ಓಡುವ ಮೌಗ್ಲಿ, ಕೈಯಲ್ಲಿ ಸಿಹಿ ತಿಂಡಿ. ಕೊನೆಗೆ ಒಂದು ನಿಟ್ಟುಸಿರು: ಆ ಕಾಲ ಎಷ್ಟು ಚೆನ್ನಾಗಿತ್ತು!

ನಮ್ಮ ತಕರಾರು ಇರುವುದು ಈ ನಿಟ್ಟುಸಿರಿನ ಬಗ್ಗೆ. ಹಾಗೆಂದು ನಾವೇನೂ ಹೊರಗೆ ನಿಂತು ಬೆರಳು ತೋರಿಸುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನಾವೂ ಇಂಥದೊಂದು ಕತೆ ಬರೆದೆವು. ಶಿವಾಜಿನಗರದ ಒಂದು ಗಲ್ಲಿ, ಒಂದು ಟಿವಿ, ಹದಿನೈದು ಮಕ್ಕಳು. ಕತೆ ಓದಿದ ಹಿರಿಯ ಓದುಗರೊಬ್ಬರು ಮೆಚ್ಚಿ, "ನಿಮ್ಮವರು ಬರೆದ ಕತೆ ಎಂದರೆ ಗಲಭೆ, ತಲಾಖು, ಬಡತನ ಇರುತ್ತದೆ ಎಂದುಕೊಂಡಿದ್ದೆ. ಇದರಲ್ಲಿ ಅದೇನೂ ಇಲ್ಲ, ಎಷ್ಟು ಹಿತವಾಗಿದೆ" ಎಂದರು. ಆ ದಿನ ಖುಷಿಯಾಯಿತು. ಆಮೇಲೆ ಆ ಮಾತು ಮುಳ್ಳಿನಂತೆ ಒಳಗೇ ಉಳಿಯಿತು. ಹಿತವಾಗಿರಲೆಂದು ನಾವು ಏನನ್ನು ಬಿಟ್ಟಿದ್ದೆವು ಎಂಬುದು ನಮಗೆ ಗೊತ್ತಿತ್ತು.

ಈ ಹಂಬಲ ನಮ್ಮದಷ್ಟೇ ಅಲ್ಲ. ಅಮೆರಿಕದಲ್ಲಿ ಶನಿವಾರದ ಬೆಳಿಗ್ಗೆಗೆ ಇದೇ ಬಗೆಯ ಆರಾಧನೆಯಿದೆ. ಅಲ್ಲಿ ಕಾರ್ಟೂನು ಮತ್ತು ಸಕ್ಕರೆ ಲೇಪಿಸಿದ ಜೋಳದ ಅವಲು ಒಂದಕ್ಕೊಂದು ಗಂಟುಬಿದ್ದದ್ದು ಆಕಸ್ಮಿಕವಲ್ಲ. ಕೆಲಾಗ್ಸ್ ಕಂಪನಿ 1952ರಲ್ಲಿ ಸಕ್ಕರೆಯ ಅವಲನ್ನು ಮಾರುಕಟ್ಟೆಗೆ ತಂದಾಗ ಡಬ್ಬಿಯ ಮೇಲೆ ಟೋನಿ ಎಂಬ ಹುಲಿಯನ್ನು ಕೂರಿಸಿತು. ಹುಲಿ ಡಬ್ಬಿಯಿಂದ ಟಿವಿಗೆ ನೆಗೆಯಿತು. 1983ರಲ್ಲಿ ಬಂದ ಹೀ-ಮ್ಯಾನ್ ಅಂತೂ ಮ್ಯಾಟೆಲ್ ಕಂಪನಿ ಆಗಲೇ ಮಾರುತ್ತಿದ್ದ ಆಟಿಕೆಗೆ ಕಟ್ಟಿದ ಕತೆ. ಎನ್‌ಬಿಸಿ ಜಾಲ 1992ರಲ್ಲೇ ಶನಿವಾರದ ಕಾರ್ಟೂನುಗಳನ್ನು ಕೈಬಿಟ್ಟಿತು. 2014ರ ಸೆಪ್ಟೆಂಬರಿನಲ್ಲಿ ಸಿಡಬ್ಲ್ಯೂ ಜಾಲದ ಶನಿವಾರದ ಕಾರ್ಟೂನು ಸರಣಿ ಮುಗಿದಾಗ ಅಲ್ಲಿಯ ನಡುವಯಸ್ಕರು ಒಂದು ಯುಗವೇ ಮುಗಿದಂತೆ ಶೋಕಿಸಿದರು. ತಾವು ಶೋಕಿಸುತ್ತಿರುವುದು ಒಂದು ಜಾಹೀರಾತಿಗಾಗಿ ಎಂಬ ಅರಿವೂ ಅವರಲ್ಲಿ ಹಲವರಿಗೆ ಇತ್ತು. ಅದರ ಬಗ್ಗೆ ಅಲ್ಲಿ ಸಾಕಷ್ಟು ಬರೆಹ ಬಂದಿದೆ.

ನಮ್ಮ ಭಾನುವಾರದ ಕತೆ ಬೇರೆ. ಅದನ್ನು ಕೊಟ್ಟದ್ದು ಸರಕಾರ. ಚಾನೆಲ್ ಬದಲಿಸುವ ಮಾತೇ ಇರಲಿಲ್ಲವಾದ್ದರಿಂದ ಅಗ್ರಹಾರದ ಹುಡುಗನೂ ಶಿವಾಜಿನಗರದ ಹುಡುಗನೂ ಒಂದೇ ಹೊತ್ತಿಗೆ ಒಂದೇ ಹುಲಿಗೆ ಹೆದರುತ್ತಿದ್ದರು. ನೆನಪಿನ ಬರೆಹಗಳು ಕೊಂಡಾಡುವುದು ಇದನ್ನೇ, ಮತ್ತು ಅಷ್ಟರ ಮಟ್ಟಿಗೆ ಅವು ಸುಳ್ಳಲ್ಲ.

ನಮ್ಮ ಗಲ್ಲಿಯಲ್ಲಿ ಮೊದಲು ಟಿವಿ ಇದ್ದದ್ದು ತಮಿಳು ಮಾತಾಡುವ ಕ್ರೈಸ್ತ ಕುಟುಂಬದಲ್ಲಿ. ಸೇಂಟ್ ಮೇರಿ ಬೆಸಿಲಿಕಾದ ಮೊದಲ ಪೂಜೆ ಮುಗಿಸಿ ಅವರು ಮನೆಗೆ ಬರುವುದನ್ನೇ ಕಾಯುತ್ತಾ ನಾವು ಮೆಟ್ಟಿಲ ಮೇಲೆ ಕೂತಿರುತ್ತಿದ್ದೆವು. ನಮಗೆ ಅದಕ್ಕೂ ಮೊದಲು ಒಂದು ಗಂಡಾಂತರ ದಾಟಬೇಕಿತ್ತು. ಶಾಲೆಯಿಲ್ಲದ ಭಾನುವಾರ ಮಕ್ತಬ್ ಹೆಚ್ಚು ಹೊತ್ತು ನಡೆಯುತ್ತಿತ್ತು. ಸಬಕ್ ಒಪ್ಪಿಸಿದವರು ಎದ್ದು ಹೋಗಬಹುದು ಎಂಬುದು ಹಜ್ರತ್ತರ ನಿಯಮ. ವಾರದ ಆರು ದಿನ ತಡವರಿಸುತ್ತಿದ್ದವರೂ ಭಾನುವಾರ ಮಾತ್ರ ಗಿಳಿಗಳಂತೆ ಒಪ್ಪಿಸುತ್ತಿದ್ದರು. ಹಜ್ರತ್ತರಿಗೆ ಕಾರಣ ಗೊತ್ತಿರಲಿಲ್ಲವೆಂದು ನಾವು ಬಹಳ ಕಾಲ ನಂಬಿದ್ದೆವು. ಟಿವಿ ಹರಾಮೋ ಅಲ್ಲವೋ ಎಂಬ ಚರ್ಚೆ ದೊಡ್ಡವರ ನಡುವೆ ಜೋರಾಗಿಯೇ ಇತ್ತು. ಆದರೆ ಅವರು ಒಂದು ದಿನವೂ, ನೀವೆಲ್ಲ ಎಲ್ಲಿಗೆ ಓಡುತ್ತೀರಿ ಎಂದು ಕೇಳಲಿಲ್ಲ.

ಮುಂದೆ ಅಬ್ಬಾ ಗುಜರಿಯಿಂದ ಒಂದು ಕಪ್ಪು-ಬಿಳುಪು ಟಿವಿ ತಂದರು. ಶಿವಾಜಿನಗರದ ಗುಜರಿಯಲ್ಲಿ ಕಾರಿನ ಗೇರ್‌ಬಾಕ್ಸಿನಿಂದ ಹಿಡಿದು ಹೊಲಿಗೆ ಯಂತ್ರದವರೆಗೆ ಸಿಗದ ಹಳೆಯ ವಸ್ತುವಿಲ್ಲ. ನಮ್ಮ ಟಿವಿಗೆ ಆಗಾಗ ತಲೆಯ ಮೇಲೊಂದು ಏಟು ಬೇಕಿತ್ತು. ಬಘೀರಾ ಹೇಗೂ ಕಪ್ಪು ಚಿರತೆ, ಅದರಿಂದ ನಷ್ಟವಿಲ್ಲ. ಶೇರ್ ಖಾನ್ ಮಾತ್ರ ನಮ್ಮ ಮನೆಯಲ್ಲಿ ಬೂದಿ ಬಣ್ಣದ ಹುಲಿ. ಕಾಡಿನ ಖಳನಾಯಕನಿಗೆ ಕಿಪ್ಲಿಂಗ್ ಈ ಹೆಸರಿಟ್ಟಿದ್ದರಿಂದ ನಮ್ಮ ತರಗತಿಯ ಇಬ್ಬರು ಖಾನ್‌ಗಳಿಗೆ ಒಂದಿಡೀ ವರ್ಷ ಅದೇ ಅಡ್ಡಹೆಸರಾಯಿತು ಎಂಬುದನ್ನೂ ಇಲ್ಲಿ ದಾಖಲಿಸಬೇಕು. ಅವರು ಅದನ್ನು ಹೆಮ್ಮೆಯಿಂದಲೇ ಹೊತ್ತರು. ಸಿಹಿ ನೆನಪಿನ ಬರೆಹಗಳಲ್ಲಿ ಈ ಸಣ್ಣ ಚುಚ್ಚೂ ಬರುವುದಿಲ್ಲ.

ಇನ್ನು ತಿಂಡಿ. ಅಮೆರಿಕದ ಮಕ್ಕಳಿಗೆ ಅವಲಿದ್ದ ಹಾಗೆ ನಮಗಿದ್ದದ್ದು ಮಲೀದಾ. ಹಿಂದಿನ ರಾತ್ರಿ ಉಳಿದ ರೊಟ್ಟಿಯನ್ನು ಕೈಯಲ್ಲೇ ಪುಡಿಮಾಡಿ, ಸಕ್ಕರೆ ಬೆರೆಸಿ, ಇದ್ದರೆ ಒಂದು ಚಮಚ ತುಪ್ಪ, ಇಲ್ಲದಿದ್ದರೆ ಬಿಸಿ ಹಾಲು. ದರ್ಗಾದ ಫಾತಿಹಾಕ್ಕೆ ಮಾಡಿದರೆ ಅದು ತಬರ್ರುಕ್, ಭಾನುವಾರ ಮಾಡಿದರೆ ಉಳಿದ ರೊಟ್ಟಿಯ ವಿಲೇವಾರಿ. ಉತ್ತರ ಕರ್ನಾಟಕದವರು ಮಾದಲಿ ಎಂದು ಮಾಡುವ ಸಿಹಿ ಇದರ ಹತ್ತಿರದ ಬಳಗ. ಸಕ್ಕರೆ ಬರುತ್ತಿದ್ದದ್ದು ರೇಷನ್ ಕಾರ್ಡಿನ ಮೇಲೆ. ಹಾಗಾಗಿ ತಿಂಗಳ ಮೊದಲ ಭಾನುವಾರದ ಮಲೀದಾಕ್ಕೂ ಕೊನೆಯ ಭಾನುವಾರದ್ದಕ್ಕೂ ಇದ್ದ ವ್ಯತ್ಯಾಸವನ್ನು ಕಣ್ಣು ಮುಚ್ಚಿಕೊಂಡು ಹೇಳಬಹುದಿತ್ತು. ಅಸಲಿ ಕೆಲಾಗ್ಸ್ ಭಾರತಕ್ಕೆ ಬಂದದ್ದು 1994ರಲ್ಲಿ. ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಯೊಂದರ ಗಾಜಿನಾಚೆ ಹುಂಜದ ಚಿತ್ರವಿದ್ದ ಆ ಡಬ್ಬಿಯನ್ನು ನಾವು ನಿಂತು ನೋಡುತ್ತಿದ್ದೆವು. ಕೊಂಡವರ ಮನೆಯಲ್ಲಿ ಅದು ಸೋತಿತು. ನಮ್ಮವರು ಹಾಲನ್ನು ಕಾಯಿಸಿಯೇ ಹಾಕುತ್ತಾರೆ, ಬಿಸಿ ಹಾಲಿಗೆ ಬಿದ್ದ ಅವಲು ಗರಿಗರಿಯಾಗಿ ಉಳಿಯುವುದಿಲ್ಲ. ಕಂಪನಿಗಳ ಇತಿಹಾಸದಲ್ಲಿ ಇದು ಪ್ರಸಿದ್ಧ ಪಾಠ. ನಮ್ಮ ನಾನಿಮಾ ಕೇಳಿದ್ದರೆ, ಮೆತ್ತಗಾಗುವುದಕ್ಕೇ ಅಲ್ಲವೇ ಹಾಲು ಹಾಕುವುದು ಎನ್ನುತ್ತಿದ್ದರು.

ಈಗ ನಾವು ಹೇಳಬೇಕಾದ ವಿಷಯಕ್ಕೆ ಬರೋಣ.

ಆ ಭಾನುವಾರದ ಬೆಳಗು ಯಾವ ಭಾಷೆಯಲ್ಲಿತ್ತು? ಎಲ್ಲರೂ ಹೇಳುವ ಉತ್ತರ, ಹಿಂದಿ. ಮೌಗ್ಲಿಯ ಸರಣಿ ಮೂಲತಃ ಜಪಾನಿನ ನಿಪ್ಪಾನ್ ಆನಿಮೇಷನ್ ಸಂಸ್ಥೆಯದು, 1989-90ರಲ್ಲಿ ಅಲ್ಲಿ ಪ್ರಸಾರವಾದದ್ದು. ದೂರದರ್ಶನ ಅದನ್ನು 1993ರಲ್ಲಿ ಹಿಂದಿಯ ಮಾತು ತೊಡಿಸಿ ತಂದಿತು. ಶೇರ್ ಖಾನ್‌ಗೆ ದನಿ ಕೊಟ್ಟವರು ನಾನಾ ಪಾಟೇಕರ್. ಇಂದಿಗೂ ಜನ ಗುನುಗುವ ಅದರ ಶೀರ್ಷಿಕೆ ಗೀತೆಗೆ ಸಂಗೀತ ವಿಶಾಲ್ ಭಾರದ್ವಾಜರದು, ಸಾಹಿತ್ಯ ಗುಲ್ಜಾರರದು. ಇದೇ ಗುಲ್ಜಾರರಿಗೆ 2002ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು; 2023ನೇ ಸಾಲಿನ ಜ್ಞಾನಪೀಠವೂ ಬಂತು. ಎರಡೂ ಉರ್ದು ಲೇಖಕರೆಂಬ ಲೆಕ್ಕದಲ್ಲಿ. ಇನ್ನೂ ಹಿಂದೆ ಹೋದರೆ, 1988ರ ಅಕ್ಟೋಬರ್ 2ರ ಭಾನುವಾರ ಆರಂಭವಾದ ಬಿ.ಆರ್. ಚೋಪ್ರಾ ಅವರ ಮಹಾಭಾರತಕ್ಕೆ ಸಂಭಾಷಣೆ ಬರೆದವರು ರಾಹಿ ಮಾಸೂಮ್ ರಜಾ, ಉರ್ದುವಿನ ವಿದ್ವಾಂಸ, ಕಾದಂಬರಿಕಾರ. ನಮ್ಮ ಅಮ್ಮಿಗೆ ಹಿಂದಿ ಕಲಿಸಿದವರಿಲ್ಲ. ಮನೆಯಲ್ಲಿ ದಖ್ನಿ, ಮಾರುಕಟ್ಟೆಯಲ್ಲಿ ತಮಿಳು, ನಮ್ಮ ಶಾಲೆಯ ಮೇಷ್ಟ್ರ ಮುಂದೆ ತಡವರಿಸುವ ಕನ್ನಡ. ಆದರೂ ಮೌಗ್ಲಿಯ ಒಂದು ಮಾತೂ ಅವರ ಕಿವಿತಪ್ಪುತ್ತಿರಲಿಲ್ಲ. ಅವರ ಪಾಲಿಗೆ ಕಾಡಿನ ತೋಳಗಳೆಲ್ಲ ಉರ್ದುವಿನಲ್ಲೇ ಮಾತಾಡುತ್ತಿದ್ದವು.

ನಡುವೆ ಒಂದು ಮಾತು. 1990-91ರಲ್ಲಿ ಟಿಪ್ಪು ಸುಲ್ತಾನನ ಖಡ್ಗದ ಧಾರಾವಾಹಿ ಬಂದಾಗ, ಇದು ಕಾಲ್ಪನಿಕ ಎಂಬ ಸೂಚನೆಯನ್ನು ಪರದೆಯ ಮೇಲೆ ತೋರಿಸಬೇಕಾಯಿತು. ತೋಳ ಮಗುವನ್ನು ಸಾಕಿ ಮಾತು ಕಲಿಸುವ ಕತೆಗೆ ಅಂಥ ಸೂಚನೆಯನ್ನು ಯಾರೂ ಕೇಳಲಿಲ್ಲ.

1994ರ ಅಕ್ಟೋಬರ್ 2 ಕೂಡ ಭಾನುವಾರವೇ. ಅಂದು, ಗಾಂಧಿ ಜಯಂತಿಯಂದು, ಬೆಂಗಳೂರು ದೂರದರ್ಶನ ಹತ್ತು ನಿಮಿಷದ ಉರ್ದು ವಾರ್ತೆಯನ್ನು ಆರಂಭಿಸಿತು. ಅದನ್ನು ವಿರೋಧಿಸಿ ಪ್ರತಿಭಟನೆ ಶುರುವಾಯಿತು, ಪ್ರತಿಭಟನೆ ಕೆಲವೇ ದಿನಗಳಲ್ಲಿ ಗಲಭೆಯಾಯಿತು. ನಗರದ ಹಲವೆಡೆ ಕರ್ಫ್ಯೂ ಬಂತು. ಸುಮಾರು 25 ಮಂದಿ ಸತ್ತರು. ವಾರ್ತೆ ನಿಂತಿತು. ಅಸ್ಗರ್ ಅಲಿ ಇಂಜಿನಿಯರ್ ಆ ತಿಂಗಳಲ್ಲೇ ಬರೆದ ಲೇಖನದ ತಲೆಬರೆಹವೇ ಒಂದು ಪ್ರಶ್ನೆ, ಈ ಹಿಂಸೆ ಭಾಷೆಯದೋ ಕೋಮಿನದೋ ಎಂದು. ಬೆಂಗಳೂರಿನ ಚರಿತ್ರೆಯನ್ನು ಬರೆದ ಜಾನಕಿ ನಾಯರ್ 2005ರ ತಮ್ಮ ಪುಸ್ತಕದಲ್ಲಿ ಇದನ್ನು ನಗರದ ಭಾಷಾ ರಾಜಕಾರಣದ ಭಾಗವಾಗಿ ಚರ್ಚಿಸಿದ್ದಾರೆ. ವಿದ್ವಾಂಸರು ಬರೆದಿದ್ದಾರೆ, ನಿಜ. ಆದರೆ ತೊಂಬತ್ತರ ದಶಕದ ಟಿವಿಯನ್ನು ಕಣ್ಣು ತೇವ ಮಾಡಿಕೊಂಡು ನೆನೆಯುವ ನಮ್ಮ ಬರೆಹಗಳಲ್ಲಿ, ಅದೇ ಟಿವಿಯ ಹತ್ತು ನಿಮಿಷಕ್ಕೆ ಇದೇ ಊರಿನಲ್ಲಿ ಹೆಣ ಬಿದ್ದದ್ದು ಎಲ್ಲಿ ಹೋಯಿತು?

ಪ್ರತಿ ಭಾನುವಾರ ಬೆಳಿಗ್ಗೆ ಇಡೀ ಕರ್ನಾಟಕ ಗುನುಗುತ್ತಿದ್ದ ಭಾಷೆಗೂ, ಆ ಸಂಜೆ ಹೊತ್ತಿ ಉರಿದ ಭಾಷೆಗೂ ಕಿವಿಗೆ ಎಷ್ಟು ಅಂತರವಿದೆ? ವಾರ್ತೆಯ ಉರ್ದುವಿನಲ್ಲಿ ಫಾರಸಿ ಪದಗಳು ಹೆಚ್ಚು, ಲಿಪಿ ಬೇರೆ, ಒಪ್ಪೋಣ. ಆದರೆ ದೂರದರ್ಶನ ಓದಿ ಕೇಳಿಸುವುದು ಲಿಪಿಯನ್ನಲ್ಲ. ಹಿಂದಿ ಎಂದು ಹೆಸರಿಟ್ಟಾಗ ಅದು ಮಕ್ಕಳ ಬಾಲ್ಯ. ಉರ್ದು ಎಂದು ಹೆಸರಿಟ್ಟ ಕ್ಷಣ ಅದು ಒಂದು ಕೋಮಿನ ಆಕ್ರಮಣ. ಹೆಸರು ಬದಲಾದಾಗ ಸಿಹಿ ವಿಷವಾಗುವ ಈ ಚಮತ್ಕಾರವನ್ನು ಬಿಟ್ಟು ತೊಂಬತ್ತರ ಟಿವಿಯನ್ನು ನೆನೆಯುವುದು ಅರ್ಧ ನೆನಪು. ಅರ್ಧ ನೆನಪನ್ನು ಪೂರ್ತಿ ಎಂದು ಹಂಚುವುದಕ್ಕೆ ನಮ್ಮ ಆಕ್ಷೇಪ.

ಕನ್ನಡದ ಆತಂಕ ಸುಳ್ಳು ಎಂದು ನಾವು ಹೇಳುತ್ತಿಲ್ಲ. ಕಂಟೋನ್ಮೆಂಟಿನಲ್ಲಿ ಬೆಳೆದವರಿಗೆ ಇದು ಚೆನ್ನಾಗಿ ಗೊತ್ತು. ಇಂಗ್ಲಿಷು, ತಮಿಳು, ಉರ್ದುಗಳ ನಡುವೆ ಕನ್ನಡ ತನ್ನದೇ ರಾಜಧಾನಿಯಲ್ಲಿ ಅತಿಥಿಯಂತೆ ನಿಂತಿದ್ದನ್ನು ನಾವು ಕಂಡಿದ್ದೇವೆ. 1982ರ ಗೋಕಾಕ್ ಚಳವಳಿ ಸುಮ್ಮನೆ ಹುಟ್ಟಿದ್ದಲ್ಲ. ವಿಧಾನಸಭೆಯ ಚುನಾವಣೆ ಎರಡು ತಿಂಗಳೂ ದೂರವಿಲ್ಲದಾಗ ಬಂದ ಆ ವಾರ್ತೆಯಲ್ಲಿ ಓಟಿನ ವಾಸನೆ ಬಡಿದದ್ದೂ ಸಹಜ. ಆದರೆ ಕನ್ನಡದ ಮಕ್ಕಳು ನಿಜಕ್ಕೂ ಏನನ್ನು ಕಳೆದುಕೊಳ್ಳುತ್ತಿದ್ದರು? ಸಂಜೆಯ ಹತ್ತು ನಿಮಿಷವನ್ನಲ್ಲ, ಭಾನುವಾರದ ಬೆಳಗನ್ನು. ಮಲೆನಾಡಿನ ಮೂಲೆಯ ಹುಡುಗಿ ಕೂಡ ಹುಲಿ, ಕರಡಿ, ತೋಳಗಳ ಕತೆಯನ್ನು ಹಿಂದಿಯಲ್ಲಿ ಕೇಳಿ ಬೆಳೆದಳು. ಪುಣ್ಯಕೋಟಿಯ ಹಾಡಿನ ನಾಡಿನಲ್ಲಿ ಹುಲಿ ಮಾತಾಡಲು ಹಿಂದಿ ಕಲಿಯಬೇಕಾಯಿತು! ಅದರ ವಿರುದ್ಧ ಯಾರೂ ಬೀದಿಗಿಳಿಯಲಿಲ್ಲ. ಡಬ್ಬಿಂಗ್ ಬೇಡ ಎಂದು ಚಿತ್ರರಂಗ ಅರವತ್ತರ ದಶಕದಿಂದ ಹಿಡಿದ ಪಟ್ಟು ಕನ್ನಡವನ್ನು ಉಳಿಸಿತು ಎನ್ನುವವರಿದ್ದಾರೆ; ಆ ವಾದದಲ್ಲಿ ಹುರುಳೂ ಇದೆ. ಆದರೆ ಸನ್ ಸಮೂಹದ ಚಿಂಟು ಟಿವಿ ಬಂದು ಕಾರ್ಟೂನುಗಳು ದಿನವಿಡೀ ಕನ್ನಡ ಮಾತಾಡಲು 2009 ಆಗಬೇಕಾಯಿತು. ಅಷ್ಟರಲ್ಲಿ ಮೌಗ್ಲಿಯನ್ನು ನೋಡಿದ ಮಕ್ಕಳು ಮದುವೆಯ ವಯಸ್ಸಿಗೆ ಬಂದಿದ್ದರು. ಉರ್ದುವಿನ ಹತ್ತು ನಿಮಿಷವನ್ನು ತಡೆದ ಊರು ಹಿಂದಿಯ ಬಾಲ್ಯಕ್ಕೆ ಬಾಗಿಲು ತೆರೆದಿಟ್ಟಿತ್ತು. ಇದು ಕನ್ನಡದ ಗೆಲುವೋ ಸೋಲೋ ಎಂಬುದನ್ನು ಕನ್ನಡಿಗರಾದ ನಾವೆಲ್ಲ ಕೂತು ಯೋಚಿಸಬೇಕು. ನಾವು ಎಂದಾಗ ಉರ್ದು ಮನೆಮಾತಿನವರನ್ನೂ ಸೇರಿಸಿಯೇ ಹೇಳುತ್ತಿದ್ದೇವೆ.

ತಪ್ಪನ್ನು ಒಂದೇ ಕಡೆ ಹೊರಿಸಿ ಕೈತೊಳೆದುಕೊಳ್ಳುವುದು ಸುಲಭ. ನಮ್ಮವರ ಮಾತೇನು? ಆ ಅಕ್ಟೋಬರನ್ನು ಕಂಡ ನಮ್ಮ ಹಿರಿಯರಲ್ಲಿ ಬಹುಪಾಲು ಮಂದಿ ಅದರ ಬಗ್ಗೆ ಮಾತಾಡುವುದೇ ಇಲ್ಲ. ಮಾತಾಡಿದರೂ ಉರ್ದುವಿನಲ್ಲಿ, ತಮ್ಮತಮ್ಮೊಳಗೆ. ಮುಶಾಯಿರಾಗಳಲ್ಲಿ ಉರ್ದುವಿನ ಮೇಲಾದ ಜುಲುಮಿನ ಬಗ್ಗೆ ಕಣ್ಣೀರು ಹರಿಯುತ್ತದೆ, ಆದರೆ ಆ ಕಣ್ಣೀರು ಕನ್ನಡದ ಓದುಗನನ್ನು ಮುಟ್ಟುವುದಿಲ್ಲ. ಎರಡೂ ಭಾಷೆಗಳಲ್ಲಿ ಓದಿದ ನಮ್ಮಂಥವರು ಅದನ್ನು ದಾಟಿಸಬೇಕಿತ್ತು. ನಾವು ಮಾಡಿದ್ದೇನು? ಕನ್ನಡದಲ್ಲಿ ಬರೆಯಲು ಕೂತಾಗ ಸೌಹಾರ್ದದ ಮಲೀದಾ ಬಡಿಸಿದೆವು. ಮುಸ್ಲಿಂ ಲೇಖಕನಿಂದ ಕನ್ನಡದ ಓದುಗ ನಿರೀಕ್ಷಿಸುವುದು ಎರಡೇ: ಒಂದೋ ತನ್ನ ಸಮುದಾಯದ ಒಳಗಿನ ಕತ್ತಲೆಯನ್ನು ತೋರಿಸಬೇಕು, ಇಲ್ಲವೇ ಎಲ್ಲರೂ ಒಂದೇ ಚಾಪೆಯ ಮೇಲೆ ಕೂತ ಚಿತ್ರ ಕೊಡಬೇಕು. ಮೊದಲನೆಯದಕ್ಕೆ ಧೈರ್ಯ ಬೇಕು, ನಮ್ಮ ಹಿರಿಯ ಲೇಖಕಿಯರು ಅದನ್ನು ತೋರಿಸಿದ್ದಾರೆ. ಎರಡನೆಯದಕ್ಕೆ ಸಕ್ಕರೆ ಇದ್ದರೆ ಸಾಕು. ಅದೇ ಚಾಪೆಯ ಮೇಲೆ ಕೂತವರ ನಡುವೆ ಏನಾಯಿತು ಎಂದು ಕನ್ನಡದಲ್ಲಿ, ಕನ್ನಡದವರಾಗಿಯೇ ಕೇಳುವ ಮೂರನೆಯ ದಾರಿ ನಮಗೆ ಕಾಣಲಿಲ್ಲವೋ, ಕಂಡರೂ ನಡೆಯಲು ಅಂಜಿದೆವೋ.

ಮಾರುಕಟ್ಟೆಗೆ ಈ ಗೊಂದಲವಿಲ್ಲ. ಡಿಸ್ನಿಯ ಜಂಗಲ್ ಬುಕ್ ಚಿತ್ರ 2016ರಲ್ಲಿ ಬಂದಾಗ ಅದೇ ಹಳೆಯ ಹಾಡನ್ನು ಹೊಸದಾಗಿ ಮಾಡಿಸಿದರು. ಶೇರ್ ಖಾನ್‌ಗೆ ಮತ್ತೆ ನಾನಾ ಪಾಟೇಕರರನ್ನೇ ಕರೆತಂದರು. ಟಿಕೆಟ್ ಕೊಂಡದ್ದು ಮಕ್ಕಳಿಗಿಂತ ಹೆಚ್ಚಾಗಿ ಅಪ್ಪಂದಿರ ನೆನಪು. ಬಾಲ್ಯದ ಹೆಸರಿನಲ್ಲಿ ಮಾರುವ ಪೇಯಗಳ ಮಾತೂ ಹಾಗೆಯೇ. ಬೋರ್ನ್‌ವಿಟಾದಂಥವನ್ನು ಆರೋಗ್ಯ ಪೇಯದ ಪಟ್ಟಿಯಿಂದ ತೆಗೆಯಿರಿ ಎಂದು ಸರಕಾರ ಆನ್‌ಲೈನ್ ಅಂಗಡಿಗಳಿಗೆ ಸೂಚಿಸಿದ್ದು 2024ರಲ್ಲಿ. ಅಷ್ಟು ವರ್ಷ ನಾವು ಕುಡಿಸಿದ್ದರಲ್ಲಿ ಸಕ್ಕರೆ ಎಷ್ಟಿತ್ತು ಎಂದು ಡಬ್ಬಿಯ ಹಿಂಭಾಗ ತಿರುಗಿಸಿ ನೋಡಿದ ತಾಯಂದಿರು ಆಗ ಕಡಿಮೆ.

2020ರ ಏಪ್ರಿಲ್ ಇನ್ನೂ ವಿಚಿತ್ರ. ಲಾಕ್‌ಡೌನಿನಲ್ಲಿ ಮನೆಯೊಳಗೆ ಕೂತ ದೇಶಕ್ಕೆ ದೂರದರ್ಶನ ರಾಮಾಯಣ, ಮಹಾಭಾರತಗಳ ಜೊತೆ ಮೌಗ್ಲಿಯನ್ನೂ ಮತ್ತೆ ತೋರಿಸಿತು. ಅಂಗಡಿ ಮುಚ್ಚಿದ್ದ ನಮ್ಮ ಗಲ್ಲಿಯಲ್ಲಿ ಹಳೆಯ ಹಾಡು ಕೇಳಿಸಿದಾಗ ಒಂದು ಕ್ಷಣ ಹತ್ತು ವರ್ಷದ ಹುಡುಗರಾದದ್ದು ಸುಳ್ಳಲ್ಲ. ಆದರೆ ರಿಮೋಟಿನ ಒಂದು ಗುಂಡಿಯಾಚೆ, ದಿಲ್ಲಿಯ ಮರ್ಕಜಿನ ಹೆಸರು ಹೇಳಿ ರೋಗ ಹರಡಿದವರು ಇವರೇ ಎಂದು ಹಲವು ವಾರ್ತಾ ವಾಹಿನಿಗಳು ಹಗಲೂ ರಾತ್ರಿ ಕೂಗುತ್ತಿದ್ದವು. ಅದೇ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ, ತಬ್ಲೀಗಿನ ವಿದೇಶಿಯರನ್ನು ಹರಕೆಯ ಕುರಿ ಮಾಡಲಾಯಿತು ಎಂದು ಹೇಳಿತು. ಆ ತೀರ್ಪಿಗೆ ಏಪ್ರಿಲಿನ ಕೂಗಿನ ಕಾಲು ಭಾಗ ಸಮಯವೂ ಟಿವಿಯಲ್ಲಿ ಸಿಕ್ಕಂತೆ ನಮಗೆ ಕಾಣಲಿಲ್ಲ. ಅಂದರೆ ಟಿವಿಯ ಪೆಟ್ಟಿಗೆ ಎಂದೂ ಬರೀ ಸಿಹಿಯ ಡಬ್ಬಿಯಾಗಿರಲಿಲ್ಲ. 1994ರಲ್ಲಿ ಇದ್ದದ್ದು ಒಂದೇ ಬಾಯಿ, 2020ರಲ್ಲಿ ನೂರಾರು.

ನಮ್ಮ ಕತೆಯ ಮಾತಿಗೆ ಮರಳುತ್ತೇವೆ. ಅದರಲ್ಲಿ ಬಿಟ್ಟದ್ದು ಒಂದು ಸಣ್ಣ ಸಂಗತಿ. ಗಲಭೆಯ ವಾರ ಕಳೆದ ಮೇಲಿನ ಭಾನುವಾರ, ಅಕ್ಟೋಬರ್ 9. ಶಾಲೆಯಿಲ್ಲ, ಮಕ್ತಬ್ ಇಲ್ಲ, ಗಲ್ಲಿಯಲ್ಲಿ ಆಟವಿಲ್ಲ. ನಾವು ಅಣ್ಣ ತಮ್ಮ ತಂಗಿ ಟಿವಿ ಹಚ್ಚಿ ಕೂತೆವು. ಅಮ್ಮಿ ಅಡುಗೆ ಮನೆಯಿಂದ ಬಂದು ಸದ್ದು ಕಡಿಮೆ ಮಾಡಿದರು. ನಾವು ಹೆಚ್ಚಿಸಿದೆವು. ಅವರು ಮತ್ತೆ ಬಂದು ಪೂರ್ತಿ ತಗ್ಗಿಸಿ, ಕಿಟಕಿ ಮುಚ್ಚಿ, "ಬಾಹರ್ ಸುನಾಯಿ ದೇತಾ" ಎಂದರು. ಪರದೆಯ ಮೇಲೆ ಬರುತ್ತಿದ್ದದ್ದು ದಿಲ್ಲಿಯ ಹಿಂದಿ ಕಾರ್ಯಕ್ರಮ, ದೇಶದ ಲಕ್ಷಾಂತರ ಮನೆಗಳಲ್ಲಿ ಅದೇ ಸದ್ದು. ಆದರೆ ನಮ್ಮ ಕಿಟಕಿಯಿಂದ ಹೊರಬಿದ್ದ ಮೇಲೆ ಅದು ಬೀದಿಗೆ ಹಿಂದಿಯಾಗಿ ಕೇಳಿಸುವುದೋ ಉರ್ದುವಾಗಿ ಕೇಳಿಸುವುದೋ ಎಂಬ ಖಾತರಿ ಅವರಿಗಿರಲಿಲ್ಲ. ಆ ಬೆಳಿಗ್ಗೆ ನಾವು ಕಾರ್ಯಕ್ರಮವನ್ನು ನೋಡಿದೆವು, ಕೇಳಲಿಲ್ಲ.

ಈಗ ಕತೆಗಳನ್ನು ಒಟ್ಟು ಸೇರಿಸುವ ಸಂದರ್ಭ ಬಂದಿದೆ. ಆ ಕತೆಯನ್ನು ತಿದ್ದಲು ಕೂತಿದ್ದೇವೆ. ಕಿಟಕಿಯ ಈ ಸಂಗತಿಯನ್ನು ಎಲ್ಲಿ ಸೇರಿಸಿದರೂ ಉಳಿದದ್ದೆಲ್ಲ ಸಡಿಲವಾಗುತ್ತದೆ. ಮುಂದಿನ ನಗು ನಗುವಾಗಿ ಉಳಿಯುವುದಿಲ್ಲ, ತಮಿಳು ಆಂಟಿಯ ಮನೆಯ ಮೆಟ್ಟಿಲು ಕೂಡ ಬೇರೆಯಾಗಿ ಕಾಣುತ್ತದೆ. ಸಂದೇಹ ಬಂದು ಕಳೆದ ತಿಂಗಳು ಅಮ್ಮಿಯನ್ನೇ ಕೇಳಿದೆವು. ಸದ್ದು ತಗ್ಗಿಸಿದ್ದಾಗಲಿ ಕಿಟಕಿ ಮುಚ್ಚಿದ್ದಾಗಲಿ ಅವರಿಗೆ ನೆನಪಿಲ್ಲ. "ಆ ವಾರ ಅಂಗಡಿ ತೆರೆದಿರಲಿಲ್ಲ, ಹಾಲಿನವನೂ ಬಂದಿರಲಿಲ್ಲ. ಮನೇಲಿ ಸಕ್ಕರೆ ಇರಲಿಲ್ಲ, ಮಲೀದಾಕ್ಕೆ ಬೆಲ್ಲ ಹಾಕಿದ್ದೆ. ನೀವು ಮೂವರೂ ಮುಖ ತಿರುಗಿಸಿಕೊಂಡು ಎದ್ದು ಹೋದ್ರಿ" ಎಂದರು.